ಮೇಷ್ಟ್ರು ಕೆಲಸದ ಜಾಗಕ್ಕೆ ಹೊರಟಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಲೇಜು ಮತ್ತು ತರಬೇತಿ ಸಂಸ್ಥೆಗಳಲ್ಲಿ ಪಾಠ ಮಾಡುವವರು ಕೆಲವು ದಿನ ಉದ್ಯಮದಲ್ಲಿ ಕೆಲಸ ಮಾಡಿ ಬರುವ ವಿಚಾರವಾಗಿ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿ, ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ನಾನು ಮೆಕ್ಯಾನಿಕಲ್ ವಿಭಾಗದ ಉಪನ್ಯಾಸಕ. ಕಾರ್ಖಾನೆಯಲ್ಲಿ ಕೆಲಸ ಮಾಡಿ ಹದಿನೈದು ವರ್ಷ ಕಳೆದಿದೆ. ರಜೆಯಲ್ಲಿ ಎರಡು ವಾರ ಬಿಡುವು ಸಿಗಬಹುದು. ಅಷ್ಟರಲ್ಲಿ ಏನು ಕಲಿಯಲು ಸಾಧ್ಯ?

ಉತ್ತರ: ಎರಡು ವಾರದಲ್ಲಿ ಯಾರೂ ಆಪರೇಟರ್ ಆಗುವುದಿಲ್ಲ, ನೀವು ಆಗಬೇಕಾಗಿಯೂ ಇಲ್ಲ. ಆದರೆ ಒಂದು ಗಟ್ಟಿ ಪ್ರಶ್ನೆಗೆ ಉತ್ತರ ತರಲು ಎರಡು ವಾರ ಸಾಕು. ‘ಹೊಸ ತಂತ್ರಜ್ಞಾನ ತಿಳಿದುಕೊಳ್ಳೋಣ’ ಎಂದು ಹೊರಟವರು ಎಲ್ಲವನ್ನೂ ನೋಡಿ, ತರಗತಿಗೆ ಏನನ್ನೂ ತರದೆ ಹಿಂದಿರುಗುವುದೇ ಹೆಚ್ಚು. ಹೊರಡುವ ಮೊದಲು ಸಿಲಬಸ್ ಎದುರಿಗಿಟ್ಟುಕೊಳ್ಳಿ. ‘ಈಗಲೂ ಹೀಗೇ ಮಾಡ್ತಾರಾ ಸಾರ್?’ ಎಂದು ಹುಡುಗರು ಕೇಳಿದರೆ ಖಚಿತವಾಗಿ ಹೇಳಲಾಗದ ಅಧ್ಯಾಯ ಯಾವುದು ಎಂದು ನೋಡಿ, ಅದರಿಂದ ಒಂದೇ ಪ್ರಶ್ನೆ ತೆಗೆಯಿರಿ. ಟೂಲ್ ಸವೆದಿದೆ ಎಂದು ಇಂದಿನ ಶಾಪ್ ಫ್ಲೋರಿನಲ್ಲಿ (ಯಂತ್ರಗಳಿರುವ ಕೆಲಸದ ಜಾಗದಲ್ಲಿ) ಯಾರು, ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ? ಇಷ್ಟು ಸಣ್ಣ ಪ್ರಶ್ನೆಯೇ ನಿಮ್ಮನ್ನು ಆಪರೇಟರ್, ಕ್ವಾಲಿಟಿ ವಿಭಾಗ, ಟೂಲ್ ಸ್ಟೋರ್, ಖರೀದಿ ವಿಭಾಗ ಎಲ್ಲ ಕಡೆಗೂ ಕರೆದೊಯ್ಯುತ್ತದೆ.

ದಿನಗಳ ಲೆಕ್ಕ ಹೀಗೆ ಹಾಕಿ. ಮೊದಲ ದಿನ ಗೇಟ್ ಪಾಸ್, ಸುರಕ್ಷತಾ ತರಬೇತಿ, ಪರಿಚಯದಲ್ಲೇ ಮುಗಿಯುತ್ತದೆ. ಎರಡನೆಯ ದಿನ ಯಾರು ಯಾವ ಕೆಲಸದವರು, ಯಾವ ಕಾಗದ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ಅರ್ಥವಾಗುತ್ತದೆ. ನಿಜವಾದ ಕಲಿಕೆ ಮೂರನೆಯ ದಿನ ಶುರು. ಹೀಗಾಗಿ ಹತ್ತು ಕೆಲಸದ ದಿನಗಳಲ್ಲಿ ಕೈಗೆ ಸಿಗುವುದು ಏಳೆಂಟು. ಐದು ದಿನಕ್ಕಿಂತ ಕಡಿಮೆಯಾದರೆ ಅದನ್ನು ಭೇಟಿ ಎನ್ನಿ. ಭೇಟಿಯೂ ಒಳ್ಳೆಯದೇ, ಆದರೆ ಅದರಿಂದ ನಿರೀಕ್ಷಿಸಬೇಕಾದ್ದು ಬೇರೆ.

ಒಟ್ಟಿಗೆ ಎರಡು ವಾರವೋ, ವಾರಕ್ಕೊಂದು ದಿನದಂತೆ ಹತ್ತು ವಾರವೋ ಎಂಬುದು ಕೆಲಸದ ಗತಿಯ ಮೇಲೆ ನಿಂತಿದೆ. ಉತ್ಪಾದನೆ, ಆಸ್ಪತ್ರೆ, ಹೋಟೆಲ್ ಅಡುಗೆಮನೆಯಂಥ ಕಡೆ ಒಂದೇ ಓಟದಲ್ಲಿ ಹೋಗಬೇಕು. ಒಂದು ಶಿಫ್ಟ್ ಮುಗಿದು ಇನ್ನೊಂದು ಶುರುವಾಗುವ ಹೊತ್ತಿನ ಹಸ್ತಾಂತರವನ್ನು ಕನಿಷ್ಠ ಎರಡು ಮೂರು ಸಲ ನೋಡಿ; ಇಡೀ ದಿನದ ತೊಡಕುಗಳು ಆ ಹತ್ತು ನಿಮಿಷದಲ್ಲಿ ಬಾಯಿಗೆ ಬರುತ್ತವೆ. ಕಟ್ಟಡ ನಿರ್ಮಾಣ, ವಿನ್ಯಾಸ, ಸಾಫ್ಟ್‌ವೇರ್‌ಗಳಲ್ಲಿ ಒಂದು ಕೆಲಸ ಶುರುವಾಗಿ ಮುಗಿಯಲು ವಾರಗಳೇ ಬೇಕು, ಅಲ್ಲಿ ವಾರಕ್ಕೊಂದು ದಿನದ ಏರ್ಪಾಟೇ ಹೆಚ್ಚು ತೋರಿಸುತ್ತದೆ.

ಸರ್ಕಾರಗಳೂ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿವೆ. ಚೀನಾದ 2016ರ ನಿಯಮದಂತೆ ವೃತ್ತಿ ಶಾಲೆಗಳಲ್ಲಿ ವೃತ್ತಿ ವಿಷಯ ಕಲಿಸುವವರು ಪ್ರತಿ 5 ವರ್ಷಕ್ಕೆ ಒಟ್ಟು 6 ತಿಂಗಳಾದರೂ ಉದ್ಯಮದಲ್ಲಿ ಕಳೆಯಬೇಕು. ಆಸ್ಟ್ರೇಲಿಯಾದ 2015ರ ತರಬೇತಿ ಸಂಸ್ಥೆಗಳ ಮಾನದಂಡ ದಿನಗಳನ್ನು ಎಣಿಸಲಿಲ್ಲ. ತಾನು ಕಲಿಸುವ ವಿಷಯದಲ್ಲಿ ಇಂದಿನ ಕೌಶಲ ಇದೆ ಎಂದು ತರಬೇತುದಾರ ತೋರಿಸಬೇಕು ಎಂದಿತು. ನಮಗೆ ಎರಡನೆಯದು ಹೆಚ್ಚು ಸರಿ ಕಾಣುತ್ತದೆ. ದಿನ ತುಂಬಿಸುವುದೇ ಗುರಿಯಾದರೆ ಹಾಜರಿ ಪುಸ್ತಕ ತುಂಬುತ್ತದೆ, ಪಾಠ ಬದಲಾಗುವುದಿಲ್ಲ.

ಪ್ರಶ್ನೆ: ನಾಲ್ಕು ಕಂಪನಿಗಳಿಗೆ ಮೇಲ್ ಕಳಿಸಿದೆ. ಒಂದರಿಂದಲೂ ಉತ್ತರವಿಲ್ಲ. ಪತ್ರದಲ್ಲಿ ಏನು ಬರೆಯಬೇಕು?

ಉತ್ತರ: ಹೆಚ್ಚಿನ ಪತ್ರಗಳು ಸೋಲುವುದು ಎರಡು ಕಾರಣಕ್ಕೆ. ಮೊದಲನೆಯದು, ಪತ್ರ ಎಚ್‌ಆರ್ ವಿಭಾಗದ ಸಾಮಾನ್ಯ ವಿಳಾಸಕ್ಕೆ ಹೋಗಿ ವಿದ್ಯಾರ್ಥಿ ಇಂಟರ್ನ್‌ಶಿಪ್ ಅರ್ಜಿಗಳ ರಾಶಿ ಸೇರುತ್ತದೆ. ಎರಡನೆಯದು, ಏನು ಬೇಕು ಎಂದು ಬರೆದಿರುತ್ತಾರೆ, ಎಷ್ಟು ತೊಂದರೆಯಾಗುತ್ತದೆ ಎಂದು ಬರೆದಿರುವುದಿಲ್ಲ. ಓದುವವರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆಯೇ ಅದು: ಇವರ ಹಿಂದೆ ನಮ್ಮವರೊಬ್ಬರು ಎಷ್ಟು ಹೊತ್ತು ಸುತ್ತಬೇಕು?

ನಿಮ್ಮ ಹಳೆಯ ವಿದ್ಯಾರ್ಥಿಗಳು, ನಿಮ್ಮ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವ ಘಟಕಗಳು, ಲ್ಯಾಬಿಗೆ ಯಂತ್ರ ಮಾರಿದ ಕಂಪನಿಯ ಸರ್ವಿಸ್ ಎಂಜಿನಿಯರ್‌ಗಳು, ಈ ಮೂರು ದಾರಿಯಲ್ಲಿ ಮೊದಲು ಹುಡುಕಿ. ವಿಭಾಗದ ಮುಖ್ಯಸ್ಥರೊಬ್ಬರ ಹೆಸರು ಸಿಕ್ಕ ಮೇಲೆ ಅವರಿಗೇ ಬರೆಯಿರಿ. ಎಚ್‌ಆರ್‌ಗೆ ಪ್ರತಿ ಹೋಗಲಿ. ಹೊರಡಬೇಕಾದ ದಿನಕ್ಕಿಂತ ಎಂಟು ಹತ್ತು ವಾರ ಮೊದಲೇ ಬರೆಯಬೇಕು. ವಿಮೆ, ಗೋಪ್ಯತೆಯ ಕಾಗದಗಳೇ ಒಂದು ತಿಂಗಳು ತೆಗೆದುಕೊಳ್ಳಬಹುದು.

ಪತ್ರ ಇಷ್ಟಿದ್ದರೆ ಸಾಕು:

‘ನಾನು ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಎಲೆಕ್ಟ್ರಿಕಲ್ ನಿರ್ವಹಣೆ ಕಲಿಸುತ್ತೇನೆ. ಮೋಟಾರ್ ದೋಷ ಪತ್ತೆಯ ಪಾಠವನ್ನು ಇಂದಿನ ರೀತಿಗೆ ತಕ್ಕಂತೆ ತಿದ್ದಬೇಕಾಗಿದೆ. ಅದಕ್ಕಾಗಿ ನಿಮ್ಮ ಮೇಂಟೆನೆನ್ಸ್ ತಂಡದ ಜೊತೆ 8 ದಿನ ಇರಲು ಅನುಮತಿ ಕೋರುತ್ತೇನೆ. ಮೊದಲ ಎರಡು ದಿನ ನೋಡುತ್ತೇನೆ, ನಂತರ ನಿಮ್ಮ ತಂತ್ರಜ್ಞರ ಸಹಾಯಕನಾಗಿ ಕೆಲಸ ಮಾಡುತ್ತೇನೆ. ಮಾರ್ಗದರ್ಶನಕ್ಕೆ ನಿಮ್ಮವರಿಂದ ದಿನಕ್ಕೆ 20 ನಿಮಿಷ ಕೇಳುತ್ತೇನೆ. ಸಂಬಳ, ಭತ್ಯೆ ಬೇಡ, ವಿಮೆ ಕಾಲೇಜಿನದು. ನಾನು ಬರೆಯುವ ಪಾಠವನ್ನು ನಿಮಗೆ ತೋರಿಸಿ, ಒಪ್ಪಿಗೆ ಪಡೆದ ಮೇಲೆಯೇ ಬಳಸುತ್ತೇನೆ.’

ಕೊನೆಯ ವಾಕ್ಯವನ್ನು ಬಿಡಬೇಡಿ, ಅನುಮತಿ ಕೊಡಿಸುವುದು ಹೆಚ್ಚಾಗಿ ಅದೇ. ಒಂದು ವಾರ ಕಾದು ಫೋನ್ ಮಾಡಿ. ಸಮಯವನ್ನೂ ನೋಡಿ ಕೇಳಿ. ಲೆಕ್ಕಪತ್ರ ವಿಭಾಗಕ್ಕೆ ತಿಂಗಳ ಕೊನೆಯ ವಾರದಲ್ಲಿ ಹೊಸಬರಾಗಿ ಹೋಗುವುದು ತಪ್ಪು, ಯಾರಿಗೂ ಮಾತಾಡಲು ಪುರುಸೊತ್ತಿರುವುದಿಲ್ಲ. ನಿರ್ವಹಣೆ ಕಲಿಸುವವರಿಗೆ ಮಾತ್ರ ವಾರ್ಷಿಕ ಶಟ್‌ಡೌನ್ ಬಹಳ ಒಳ್ಳೆಯ ಕಾಲ. ವರ್ಷವಿಡೀ ಮುಚ್ಚಿಕೊಂಡಿರುವ ಗೇರ್‌ಬಾಕ್ಸ್, ಬೇರಿಂಗ್, ಪ್ಯಾನೆಲ್‌ಗಳೆಲ್ಲ ಆಗ ಬಿಚ್ಚಿಕೊಂಡಿರುತ್ತವೆ.

ಪ್ರಶ್ನೆ: ಕಳೆದ ಬಾರಿ ಐದು ದಿನ ಹೋಗಿದ್ದೆ. ತುಂಬ ಗೌರವದಿಂದ ನಡೆಸಿಕೊಂಡರು. ಕಾನ್ಫರೆನ್ಸ್ ರೂಮಿನಲ್ಲಿ ಕೂರಿಸಿ ದಿನಕ್ಕೆ ಎರಡು ಪ್ರೆಸೆಂಟೇಷನ್ ತೋರಿಸಿದರು. ಕೆಲಸ ಮಾತ್ರ ಮುಟ್ಟಲು ಬಿಡಲಿಲ್ಲ.

ಉತ್ತರ: ಅವರು ನಿಮ್ಮನ್ನು ಅತಿಥಿ ಎಂದುಕೊಂಡರು. ಅತಿಥಿಗೆ ಒಳ್ಳೆಯದನ್ನೇ ತೋರಿಸುತ್ತಾರೆ, ಕಲಿಸುವವರಿಗೆ ಬೇಕಾದದ್ದು ಎಡವಟ್ಟು. ಇದನ್ನು ಹೋಗುವ ಮೊದಲೇ ಸರಿಪಡಿಸಬೇಕು. ನೀವು ಮಾಡುವ ಒಂದು ಕೆಲಸದ ಹೆಸರನ್ನು ಒಪ್ಪಂದದ ಹಾಳೆಯಲ್ಲೇ ಬರೆಸಿ. ದೊಡ್ಡದು ಬೇಡ. ತಪಾಸಣೆ ಬೆಂಚಿನಲ್ಲಿ ಅಳತೆ ತೆಗೆದು ದಾಖಲಿಸುವುದು, ಸ್ಟೋರಿನಲ್ಲಿ ಬಂದ ಸರಕನ್ನು ಆರ್ಡರ್ ಜೊತೆ ತಾಳೆ ನೋಡುವುದು, ಒಂದು ಕೆಲಸದ ವಿಧಾನದ ಹಳೆಯ ಸೂಚನಾ ಹಾಳೆಯನ್ನು ಈಗಿನ ರೂಢಿಗೆ ತಕ್ಕಂತೆ ತಿದ್ದಿ ಬರೆಯುವುದು. ಈ ಮೂರನೆಯದಕ್ಕೆ ನಮ್ಮ ಮತ ಹೆಚ್ಚು. ಬರೆಯಲು ಬಲ್ಲ, ಪ್ರಶ್ನೆ ಕೇಳಲು ಬಲ್ಲ ಮೇಷ್ಟ್ರು ಅದನ್ನು ಚೆನ್ನಾಗಿ ಮಾಡುತ್ತಾರೆ, ಕಂಪನಿಗೆ ಅದು ನಿಜಕ್ಕೂ ಬೇಕಾಗಿರುತ್ತದೆ. ಬರೆಯುವ ನೆಪದಲ್ಲಿ ಪ್ರತಿ ಹಂತವನ್ನೂ ಆಪರೇಟರ್ ಪಕ್ಕ ನಿಂತು ಕೇಳಲೇಬೇಕಾಗುತ್ತದೆ.

ಕಾನ್ಫರೆನ್ಸ್ ರೂಮಿನಲ್ಲಿ ಸಿಕ್ಕಿಕೊಂಡಿದ್ದರೂ ದಾರಿಯಿದೆ. ‘ನಿಮ್ಮ ಪ್ರಕ್ರಿಯೆ ವಿವರಿಸಿ’ ಎಂದರೆ ಸ್ಲೈಡೇ ಬರುತ್ತದೆ. ಅದರ ಬದಲು ‘ಹೋದ ವಾರ ರಿಜೆಕ್ಟ್ ಆದ ಒಂದು ಪೀಸ್ ತೋರಿಸ್ತೀರಾ? ಅದು ಹೇಗೆ ಗೊತ್ತಾಯ್ತು?’ ಎಂದು ಕೇಳಿ. ರಿಜೆಕ್ಷನ್ ಟ್ಯಾಗ್ ಕೈಗೆ ಬಂದರೆ ಅದರ ಹಿಂದೆ ಮನುಷ್ಯರು, ಯಂತ್ರ, ಅಳತೆ, ತೀರ್ಮಾನ ಎಲ್ಲ ಬರುತ್ತವೆ. ಹೊಸದಾಗಿ ಸೇರಿದ ಹುಡುಗರು ಮೊದಲ ತಿಂಗಳಲ್ಲಿ ಹೆಚ್ಚಾಗಿ ಎಲ್ಲಿ ತಪ್ಪುತ್ತಾರೆ ಎಂದು ಸೂಪರ್‌ವೈಸರನ್ನು ಕೇಳುವುದನ್ನಂತೂ ಮರೆಯಬೇಡಿ. ಆ ಉತ್ತರ ನೇರವಾಗಿ ನಿಮ್ಮ ತರಗತಿಗೆ ಸೇರಿದ್ದು.

ಪ್ರಶ್ನೆ: ಸುರಕ್ಷತೆ, ವಿಮೆ, ಗೋಪ್ಯತೆ: ಏನೇನು ನೋಡಿಕೊಳ್ಳಬೇಕು?

ಉತ್ತರ: ವಿಮೆಯಿಂದ ಶುರು ಮಾಡಿ. ಅಪಘಾತವಾದರೆ ಹೊಣೆ ಕಾಲೇಜಿನದೋ, ಕಂಪನಿಯದೋ? ‘ಬಂದವರೆಲ್ಲ ನಮ್ಮ ಪಾಲಿಸಿಯಲ್ಲೇ ಇರುತ್ತಾರೆ’ ಎಂಬ ಬಾಯಿಮಾತು ಸಾಲದು. ಸಂದರ್ಶಕರಿಗೆ ಇರುವ ವಿಮೆ ಯಂತ್ರದ ಮೇಲೆ ಕೈಯಿಟ್ಟು ಕೆಲಸ ಮಾಡುವವರಿಗೆ ಅನ್ವಯಿಸದೆ ಇರಬಹುದು. ನೀವು ಕೆಲಸ ಮಾಡುವವರೆಂದು ಬರವಣಿಗೆಯಲ್ಲಿ ಹೇಳಿ, ಉತ್ತರವನ್ನೂ ಬರವಣಿಗೆಯಲ್ಲಿ ಪಡೆಯಿರಿ. ಹಾಗೆಯೇ ಈ ದಿನಗಳು ಕರ್ತವ್ಯದ ಮೇಲಿನ ದಿನಗಳು ಎಂಬ ಆದೇಶ ಕಾಲೇಜಿನಿಂದ ಕೈಯಲ್ಲಿರಲಿ. ಸ್ವಂತ ರಜೆ ಹಾಕಿ ಹೋದವರಿಗೆ ಏನಾದರೂ ಆದರೆ ತಕರಾರು ಅಲ್ಲಿಂದಲೇ ಏಳುತ್ತದೆ.

ಶಾಪ್ ಫ್ಲೋರಿಗೆ ಸೇಫ್ಟಿ ಶೂ ನಿಮ್ಮದೇ ಅಳತೆಯದು ಒಯ್ಯಿರಿ. ಸಂದರ್ಶಕರಿಗೆ ಕೊಡುವ ಶೂ ಸಡಿಲವಾಗಿದ್ದರೆ ಅದೇ ಅಪಾಯ. ಉಂಗುರ, ಬಳೆ, ಕೊರಳ ಸರ, ಐಡಿ ಕಾರ್ಡಿನ ಪಟ್ಟಿ ಎಲ್ಲ ತೆಗೆದಿಡಿ. ಸೆರಗು, ದುಪಟ್ಟಾ, ಜಡೆ ತಿರುಗುವ ಯಂತ್ರದ ಬಳಿ ಬರಬಾರದು. ಲೇತ್, ಡ್ರಿಲ್ಲಿಂಗ್ ಯಂತ್ರ ತಿರುಗುತ್ತಿರುವಾಗ ಕೈಗವಸೂ ಬೇಡ, ಅದು ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ. ರಿಪೇರಿಯ ಹೊತ್ತಿನಲ್ಲಿ ಯಂತ್ರದೊಳಗೆ ಕೈ ಹಾಕುವ ಪ್ರತಿಯೊಬ್ಬರೂ ಮೇನ್ ಸ್ವಿಚ್ಚಿಗೆ ತಮ್ಮದೇ ಬೀಗ, ತಮ್ಮದೇ ಹೆಸರಿನ ಟ್ಯಾಗ್ ಹಾಕುತ್ತಾರೆ. ತಂತ್ರಜ್ಞರ ಬೀಗ ಇದೆಯಲ್ಲ, ಸಾಕು ಎಂದುಕೊಳ್ಳಬೇಡಿ. ನಿಮಗೂ ಒಂದು ಬೀಗ ಕೇಳಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಬೀಗ ಹಾಕಿದ ಮೇಲೆ ಸ್ಟಾರ್ಟ್ ಬಟನ್ ಒತ್ತಿ ಯಂತ್ರ ಏಳುವುದಿಲ್ಲ ಎಂದು ಖಚಿತ ಮಾಡಿಕೊಳ್ಳುತ್ತಾರೆ, ಆಮೇಲೆ ಮೀಟರಿಟ್ಟು ನೋಡುತ್ತಾರೆ. ಮೋಟಾರ್ ಡ್ರೈವ್ (ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಸಾಧನ) ಇದ್ದರೆ ಅದರ ಮೇಲೆ ಬರೆದಷ್ಟು ನಿಮಿಷ ಕಾಯಬೇಕು, ಏಕೆಂದರೆ ಸ್ವಿಚ್ ಆರಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ.

ಗೋಪ್ಯತೆಯ ವಿಷಯದಲ್ಲಿ ಹೆಚ್ಚು ಎಡವುವುದು ಫೋನಿನಿಂದ. ಯಂತ್ರದ ಫೋಟೊ ತೆಗೆಯಲು ಒಪ್ಪಿಗೆ ಕೊಟ್ಟಿರುತ್ತಾರೆ, ಹಿಂದಿನ ಬೋರ್ಡಿನಲ್ಲಿ ಗ್ರಾಹಕರ ಹೆಸರು, ಪಾರ್ಟ್ ನಂಬರ್ ಇರುತ್ತದೆ. ಫೋನನ್ನು ಗೇಟಿನಲ್ಲೇ ಕೊಟ್ಟು ಪುಸ್ತಕ, ಪೆನ್ಸಿಲ್ ಒಯ್ಯುವುದು ವಾಸಿ. ರೇಖಾಚಿತ್ರ ಬರೆದುಕೊಂಡಾಗ ಕಣ್ಣು ಹೆಚ್ಚು ನೋಡುತ್ತದೆ ಎಂಬುದೂ ನಿಜ. ಆಸ್ಪತ್ರೆಗೆ ಹೋಗುವ ನರ್ಸಿಂಗ್ ಬೋಧಕರು ರೋಗಿಯ ಹೆಸರು, ಹಾಸಿಗೆ ಸಂಖ್ಯೆ, ತಾರೀಕು ಮೂರನ್ನೂ ಟಿಪ್ಪಣಿಯಲ್ಲಿ ಬರೆಯಲೇಬಾರದು.

ಪ್ರಶ್ನೆ: ಹೋಗಿ ಬಂದೆ, ಎಪ್ಪತ್ತು ಪುಟ ಟಿಪ್ಪಣಿ ಇದೆ. ಇದನ್ನು ಪಾಠವಾಗಿ ಮಾಡುವುದು ಹೇಗೆ?

ಉತ್ತರ: ಎಪ್ಪತ್ತು ಪುಟದಿಂದ ಒಂದು ಘಟನೆ ಆರಿಸಿ. ಪಾಠವಾಗಬಲ್ಲ ಘಟನೆಯಲ್ಲಿ ಒಂದು ಸಂಖ್ಯೆ ಇರುತ್ತದೆ, ಒಂದು ತಪ್ಪು ತೀರ್ಮಾನ ಇರುತ್ತದೆ, ಆ ತಪ್ಪಿಗೆ ಪುಸ್ತಕದಲ್ಲೇ ಇರುವ ಒಂದು ಕಾರಣ ಇರುತ್ತದೆ. ಈ ಮೂರೂ ಇಲ್ಲದ ಅನುಭವವನ್ನು ತರಗತಿಯಲ್ಲಿ ಮಾತಿನ ನಡುವೆ ಹೇಳಬಹುದು, ಪಾಠ ಕಟ್ಟಲಾಗದು.

ಒಂದು ಮಾದರಿ ಕೊಡುತ್ತೇವೆ. 100 ಮಿ.ಮೀ. ವ್ಯಾಸದ ಉಕ್ಕಿನ ಶಾಫ್ಟ್, ಡ್ರಾಯಿಂಗಿನಲ್ಲಿ ಚಿಕ್ಕಕ್ಷರದ ಎಚ್7 ಟಾಲರೆನ್ಸ್. ಅಂದರೆ ಮೇಲಿನ ಮಿತಿ 100.000, ಕೆಳಗಿನ ಮಿತಿ 99.965 ಮಿ.ಮೀ. ಆಪರೇಟರ್ ಟರ್ನಿಂಗ್ ಮುಗಿಸಿ ಯಂತ್ರದ ಮೇಲೆಯೇ ಮೈಕ್ರೋಮೀಟರ್ ಹಿಡಿದ, 99.985 ಬಂತು. ಮಿತಿಗಳ ಹೆಚ್ಚುಕಡಿಮೆ ನಡುಮಧ್ಯದಲ್ಲಿದೆ, ಪಾಸ್. ಎರಡು ಗಂಟೆ ಬಿಟ್ಟು ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಅದೇ ಶಾಫ್ಟ್ 99.962 ತೋರಿಸಿ ರಿಜೆಕ್ಟ್ ಆಯಿತು. ಆಪರೇಟರ್ ತನ್ನ ಅಳತೆ ಸರಿ ಎನ್ನುತ್ತಾನೆ, ಇನ್‌ಸ್ಪೆಕ್ಟರ್ ತನ್ನದು ಸರಿ ಎನ್ನುತ್ತಾನೆ. ಇಬ್ಬರದೂ ಸರಿಯೇ. ಯಂತ್ರದಿಂದ ಇಳಿಯುವಾಗ ಶಾಫ್ಟ್ 40 ಡಿಗ್ರಿ ಸೆಲ್ಸಿಯಸ್ ಬಿಸಿಯಿತ್ತು, ಇನ್‌ಸ್ಪೆಕ್ಷನ್ ಕೋಣೆ 20 ಡಿಗ್ರಿ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ 0.001 ಮಿ.ಮೀ.) ಹಿಗ್ಗುತ್ತದೆ. 100 ಮಿ.ಮೀ.ಗೆ 20 ಡಿಗ್ರಿಯಲ್ಲಿ ಅದು 23 ಮೈಕ್ರಾನ್. ಡ್ರಾಯಿಂಗಿನ ಅಳತೆಗಳೆಲ್ಲ 20 ಡಿಗ್ರಿಗೆ ಎಂಬುದು ಅಂತರರಾಷ್ಟ್ರೀಯ ರೂಢಿ. ಶಾಫ್ಟ್ ದಪ್ಪವಾಗಿದ್ದರೆ ಮತ್ತೆ ಕೆರೆಯಬಹುದಿತ್ತು, ತೆಳುವಾದದ್ದು ಸ್ಕ್ರ್ಯಾಪ್.

ಈಗ ಇದನ್ನು ತರಗತಿಗೆ ತರುವ ರೀತಿ. ಕಾರಣ ಹೇಳಬೇಡಿ. ಎರಡು ಅಳತೆ, ಎರಡು ಮಿತಿ ಬೋರ್ಡಿನ ಮೇಲೆ ಬರೆದು ‘ಯಾರದು ತಪ್ಪು?’ ಎಂದು ಕೇಳಿ. ಮೈಕ್ರೋಮೀಟರ್ ದೋಷ, ಶೂನ್ಯ ದೋಷ (ಉಪಕರಣ ಸೊನ್ನೆಗೆ ಸರಿಯಾಗಿ ನಿಲ್ಲದಿರುವುದು), ಒತ್ತಿ ಹಿಡಿದದ್ದು ಎಂದು ಹುಡುಗರು ಹೇಳುತ್ತಾರೆ. ಪ್ರತಿಯೊಂದನ್ನೂ ಹೇಗೆ ಪರೀಕ್ಷಿಸುತ್ತೀರಿ ಎಂದು ಕೇಳಿ, ಮುಂದಕ್ಕೆ ಬಿಡಿ. ಯಾರಾದರೂ ಬಿಸಿಯ ಮಾತೆತ್ತಿದ ಕೂಡಲೇ ಲ್ಯಾಬಿಗೆ ಹೋಗಿ. 60 ಮಿ.ಮೀ. ವ್ಯಾಸದ ಉಕ್ಕಿನ ತುಂಡನ್ನು 25 ಡಿಗ್ರಿಯಲ್ಲಿ ಅಳೆಸಿ, 55 ಡಿಗ್ರಿ ನೀರಿನಲ್ಲಿ ಕಾಲು ಗಂಟೆ ಇಟ್ಟು, ಒರೆಸಿ ತಕ್ಷಣ ಮತ್ತೆ ಅಳೆಸಿ. ಲೆಕ್ಕದ ಪ್ರಕಾರ ಸುಮಾರು 0.02 ಮಿ.ಮೀ. ಹೆಚ್ಚಾಗಬೇಕು, ಅಂದರೆ ಸಾಮಾನ್ಯ ಮೈಕ್ರೋಮೀಟರಿನಲ್ಲಿ ಎರಡು ಗೆರೆ. ಇಲ್ಲಿ ಕೈ ಕೊಡುವುದು ಎರಡು ಸಂಗತಿ. ಒರೆಸಲು ತಡವಾದರೆ ತುಂಡು ಆರಿ ಒಂದೇ ಗೆರೆ ಸಿಗುತ್ತದೆ. ಮೈಕ್ರೋಮೀಟರಿನ ಚೌಕಟ್ಟನ್ನು ಬರಿಗೈಯಲ್ಲಿ ಬಹಳ ಹೊತ್ತು ಹಿಡಿದರೆ ಅದೂ ಹಿಗ್ಗಿ ಅಳತೆ ಕಡಿಮೆ ತೋರಿಸುತ್ತದೆ, ಬಟ್ಟೆ ಸುತ್ತಿ ಹಿಡಿಸಿ ಅಥವಾ ಸ್ಟ್ಯಾಂಡಿಗೆ ಕಚ್ಚಿಸಿ. ಕಾರ್ಖಾನೆಯ ಒಂದು ರಿಜೆಕ್ಷನ್ ಟ್ಯಾಗಿನಿಂದ ಭೌತಶಾಸ್ತ್ರ, ಟಾಲರೆನ್ಸ್, ಅಳತೆಯ ಶಿಸ್ತು ಮೂರೂ ಒಂದೇ ಪ್ರಾಕ್ಟಿಕಲ್‌ನಲ್ಲಿ ಬಂದವು.

ಟಿಪ್ಪಣಿಯ ಬಗ್ಗೆ ಒಂದು ಮಾತು. ದಿನವೂ ಅದೇ ರಾತ್ರಿ ಅರ್ಧ ಗಂಟೆ ಕೂತು, ಆ ದಿನದ ಒಂದು ಸಂಗತಿಯ ಎದುರಿಗೆ ಯಾವ ಘಟಕದ ಯಾವ ಪಾಠಕ್ಕೆ ಎಂದು ಬರೆದಿಟ್ಟರೆ ಎಪ್ಪತ್ತು ಪುಟ ಜಮಾ ಆಗುವುದೇ ಇಲ್ಲ. ಬಂದ ಎರಡು ವಾರದೊಳಗೆ ಮೊದಲ ಪಾಠ ಮಾಡಿಬಿಡಿ. ಮುಂದಿನ ಸೆಮಿಸ್ಟರ್‌ಗೆ ಎಂದಿಟ್ಟರೆ ಸಂಖ್ಯೆಗಳು ನೆನಪಿನಿಂದ ಹೋಗಿ ಬರಿಯ ಅಭಿಪ್ರಾಯ ಉಳಿಯುತ್ತದೆ.

ಪ್ರಶ್ನೆ: ನಾನು ವಾಣಿಜ್ಯ ಉಪನ್ಯಾಸಕಿ. ಈ ಮಾತೆಲ್ಲ ಯಂತ್ರ ಇರುವವರಿಗೆ ಮಾತ್ರವೇ?

ಉತ್ತರ: ಖಂಡಿತ ಅಲ್ಲ ಮೇಡಂ. ಪುಸ್ತಕಕ್ಕೂ ಕೆಲಸಕ್ಕೂ ನಡುವಿನ ಅಂತರ ನಿಮ್ಮ ವಿಷಯದಲ್ಲೇ ಹೆಚ್ಚು ಕಾಣುತ್ತದೆ. ಪುಸ್ತಕದಲ್ಲಿ ವ್ಯವಹಾರ ಒಂದು ವಾಕ್ಯವಾಗಿ ಬರುತ್ತದೆ, ವಿದ್ಯಾರ್ಥಿ ಜರ್ನಲ್ ಎಂಟ್ರಿ ಬರೆಯುತ್ತಾನೆ. ಕಚೇರಿಯಲ್ಲಿ ಆ ವಾಕ್ಯ ಯಾರೂ ಹೇಳುವುದಿಲ್ಲ. ಖರೀದಿ ಆರ್ಡರ್, ಸರಕು ಬಂದ ರಸೀದಿ, ಪೂರೈಕೆದಾರರ ಇನ್‌ವಾಯ್ಸ್ ಎಂಬ ಮೂರು ಕಾಗದ ಮೂರು ಕಡೆಯಿಂದ ಬರುತ್ತವೆ, ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದೇ ಅರ್ಧ ಕೆಲಸ. ಆರ್ಡರ್ 500, ಸ್ಟೋರಿಗೆ ಬಂದದ್ದು 480, ಇನ್‌ವಾಯ್ಸ್ 500ಕ್ಕೆ. ಈಗ ಹಣ ತಡೆಹಿಡಿಯಬೇಕೇ? ಉಳಿದ 20 ದಾರಿಯಲ್ಲಿವೆಯೋ, ಸ್ಟೋರಿನವರು ಎಣಿಸುವಾಗ ತಪ್ಪಿದರೋ, ಹಾಳಾಗಿ ವಾಪಸು ಹೋದವೋ? ಡೆಬಿಟ್ ನೋಟ್ (ಪೂರೈಕೆದಾರರ ಬಾಕಿಯಿಂದ ಇಷ್ಟು ಕಳೆದಿದ್ದೇವೆ ಎಂಬ ಚೀಟಿ) ಯಾವಾಗ, ಕಾಯುವುದು ಯಾವಾಗ? ಸರಕು ಬಂದು ಇನ್‌ವಾಯ್ಸ್ ಬಾರದೆ ತಿಂಗಳು ಮುಗಿದರೆ ಆ ಹೊಣೆಯನ್ನು ಲೆಕ್ಕದಲ್ಲಿ ಎಲ್ಲಿ ಇಡುತ್ತಾರೆ?

ಲೆಕ್ಕಪತ್ರ ವಿಭಾಗದಲ್ಲಿ ಎಂಟು ದಿನ ಸಿಕ್ಕರೆ ಐದು ದಿನವನ್ನು ಪೂರೈಕೆದಾರರ ಪಾವತಿ ಟೇಬಲ್ಲಿನ ಪಕ್ಕದಲ್ಲೇ ಕಳೆಯಿರಿ. ಹೊಂದದ ಕಾಗದಗಳನ್ನಷ್ಟೇ ಗಮನಿಸಿ, ಹೊಂದಿದವು ತಾವಾಗಿಯೇ ಮುಂದೆ ಹೋಗುತ್ತವೆ. ವಾಪಸು ಬಂದು ಹೆಸರು, ಮೊತ್ತ ಎಲ್ಲ ಬದಲಿಸಿ ಹನ್ನೆರಡು ಇನ್‌ವಾಯ್ಸ್‌ಗಳ ಒಂದು ಕಟ್ಟು ತಯಾರಿಸಿ. ಮೂರರಲ್ಲಿ ದೋಷ ಇರಲಿ: ಒಂದರಲ್ಲಿ ಪ್ರಮಾಣ, ಒಂದರಲ್ಲಿ ದರ, ಒಂದು ಇನ್‌ವಾಯ್ಸ್ ಎರಡನೆಯ ಸಲ ಬೇರೆ ತಾರೀಕಿನಲ್ಲಿ ಬಂದದ್ದು. ಎಷ್ಟರಲ್ಲಿ ದೋಷವಿದೆ ಎಂದು ಹೇಳದೆ ಕೊಡಿ. ಎಷ್ಟಿವೆ ಎಂದು ಗೊತ್ತಾದರೆ ಅಷ್ಟು ಸಿಕ್ಕ ಕೂಡಲೇ ಮಕ್ಕಳು ಹುಡುಕುವುದನ್ನು ನಿಲ್ಲಿಸುತ್ತಾರೆ. ಕಚೇರಿಯಲ್ಲಿ ಆ ಸೌಲಭ್ಯ ಯಾರಿಗೂ ಇಲ್ಲ.

ಪ್ರಶ್ನೆ: ಗಣಿತ ಮತ್ತು ಭಾಷಾ ಬೋಧಕರಾದ ನಾವಿಬ್ಬರು ಸಹೋದ್ಯೋಗಿಗಳು ಒಟ್ಟಿಗೆ ಬರೆಯುತ್ತಿದ್ದೇವೆ. ನಮಗೂ ಇದು ಉಪಯೋಗವೇ?

ಉತ್ತರ: ಗಣಿತದವರು ಕ್ವಾಲಿಟಿ ವಿಭಾಗದಲ್ಲಿ ಮೂರು ದಿನ ಕಳೆಯಿರಿ. ಗಂಟೆಗೊಮ್ಮೆ ಐದು ಪೀಸ್ ಅಳೆದು ಸರಾಸರಿ ಮತ್ತು ವ್ಯಾಪ್ತಿಯನ್ನು (ಐದರಲ್ಲಿ ದೊಡ್ಡ ಅಳತೆಗೂ ಚಿಕ್ಕ ಅಳತೆಗೂ ಇರುವ ಅಂತರವನ್ನು) ಚಾರ್ಟಿನಲ್ಲಿ ಗುರುತಿಸುವುದನ್ನು ನೋಡಬಹುದು. ಐದರ ಗುಂಪಿಗೆ ಸರಾಸರಿಯ ನಿಯಂತ್ರಣ ಮಿತಿ ಎಂದರೆ ವ್ಯಾಪ್ತಿಯ ಸರಾಸರಿಯನ್ನು 0.577ರಿಂದ ಗುಣಿಸಿ ಮಧ್ಯರೇಖೆಯ ಆಚೆ ಈಚೆ ಇಡುವುದು. ವ್ಯಾಪ್ತಿಯ ಸರಾಸರಿ 0.010 ಮಿ.ಮೀ. ಆದರೆ ಮಿತಿ ಎರಡೂ ಕಡೆ ಸುಮಾರು 0.006. ಹುಡುಗರು ಇದನ್ನು ಡ್ರಾಯಿಂಗಿನ ಟಾಲರೆನ್ಸ್ ಎಂದೇ ತಿಳಿಯುತ್ತಾರೆ. ನಿಯಂತ್ರಣ ಮಿತಿ ಯಂತ್ರ ಈಗ ಹೇಗೆ ನಡೆಯುತ್ತಿದೆ ಎಂಬುದರ ಮಿತಿ, ಟಾಲರೆನ್ಸ್ ಗ್ರಾಹಕರಿಗೆ ಏನು ಬೇಕು ಎಂಬುದರ ಮಿತಿ. ಎಲ್ಲ ಬಿಂದುಗಳೂ ಮಿತಿಯೊಳಗಿದ್ದು ಸತತ ಎಂಟು ಬಿಂದು ಮಧ್ಯರೇಖೆಯ ಒಂದೇ ಬದಿಗೆ ಬಿದ್ದಾಗ ಏಕೆ ಎಚ್ಚರಗೊಳ್ಳುತ್ತಾರೆ ಎಂಬುದು ಸಂಭವನೀಯತೆಯ ಒಳ್ಳೆಯ ಲೆಕ್ಕ: ಎಂಟೂ ಮೇಲೇ ಬೀಳಲು ಅರ್ಧವನ್ನು ಎಂಟು ಸಲ ಗುಣಿಸಿದರೆ 256ರಲ್ಲಿ 1, ಮೇಲೋ ಕೆಳಗೋ ಯಾವುದಾದರೂ ಒಂದೇ ಬದಿಗೆ ಎಂದರೆ 128ರಲ್ಲಿ 1.

ಭಾಷೆಯವರು ಶಿಫ್ಟ್ ಲಾಗ್ ಪುಸ್ತಕ ಕೇಳಿ. ‘ಪಂಪ್ ಸರಿಯಿಲ್ಲ, ನೋಡಿ’ ಎಂಬ ಒಂದು ಸಾಲು ಮುಂದಿನ ಶಿಫ್ಟಿನವರ ಒಂದು ಗಂಟೆ ತಿನ್ನುತ್ತದೆ. ‘ಎರಡನೆಯ ಪಂಪ್, ರಾತ್ರಿ 2.10ರಿಂದ ಶಬ್ದ, ಒತ್ತಡ ಮಾಮೂಲಿನಷ್ಟೇ, ಬೆಲ್ಟ್ ನೋಡಿದೆ, ಬೇರಿಂಗ್ ನೋಡಿಲ್ಲ’ ಎಂದಿದ್ದರೆ ಅವರು ನೇರ ಬೇರಿಂಗಿಗೆ ಹೋಗುತ್ತಾರೆ. ಏನು ನೋಡಿಲ್ಲ ಎಂದು ಬರೆಯುವುದನ್ನು ನಮ್ಮ ಪ್ರಬಂಧ ಪಾಠಗಳು ಕಲಿಸುವುದೇ ಇಲ್ಲ.

ಪ್ರಶ್ನೆ: ಸಾಫ್ಟ್‌ವೇರ್ ಕಂಪನಿಯವರು ಕೋಡ್ ತೋರಿಸಲು ಒಪ್ಪುತ್ತಿಲ್ಲ. ಮನೆಯಿಂದಲೇ ಆನ್‌ಲೈನ್‌ನಲ್ಲಿ ಸೇರಿಕೊಳ್ಳಿ ಎನ್ನುತ್ತಾರೆ. ಹೋಗುವುದು ದಂಡವೇ?

ಉತ್ತರ: ಕೋಡ್ ಇಲ್ಲದೆಯೂ ಹೆಚ್ಚಿನದು ಸಿಗುತ್ತದೆ. ದಿನದ ಆರಂಭದ ಚಿಕ್ಕ ಸಭೆ, ಬಗ್ ವರದಿಗಳ ವಿಂಗಡಣೆ, ಟೆಸ್ಟಿಂಗ್ ತಂಡದ ಕೆಲಸ, ವ್ಯವಸ್ಥೆ ಕೆಟ್ಟು ನಿಂತ ಮೇಲೆ ಬರೆಯುವ ಪರಾಮರ್ಶೆ, ಇವಕ್ಕೆ ಅವಕಾಶ ಕೇಳಿ. ನೀವು ಮಾಡಬಹುದಾದ ಕೆಲಸ ಎಂದರೆ ಬಂದ ಬಗ್ ವರದಿಯನ್ನು ಮತ್ತೆ ಉಂಟುಮಾಡಿ ನೋಡಿ, ಹಂತಹಂತವಾಗಿ ಬರೆದುಕೊಡುವುದು. ಅದಕ್ಕೆ ಪರೀಕ್ಷೆಗೆಂದು ಇಟ್ಟ ವ್ಯವಸ್ಥೆ, ಸುಳ್ಳು ದತ್ತಾಂಶ ಸಾಕು. ಆನ್‌ಲೈನ್‌ನಲ್ಲಿ ಕಳೆದುಹೋಗುವುದು ಸಭೆಗಳ ನಡುವಿನ ಮಾತು. ಹಾಗಾಗಿ ದಿನಕ್ಕೆ ಒಂದು ಗಂಟೆ ಒಬ್ಬ ಡೆವಲಪರ್ ಜೊತೆ ಪರದೆ ಹಂಚಿಕೊಂಡು ಕೂರುವ ಏರ್ಪಾಟು ಇರಲಿ, ಅವರು ಕೆಲಸ ಮಾಡುತ್ತಾ ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳಲಿ.

ಪ್ರಶ್ನೆ: ನನಗೆ ಐವತ್ತೆರಡು. ಅಲ್ಲಿ ಸೂಪರ್‌ವೈಸರ್ ನನ್ನ ಹಳೆಯ ವಿದ್ಯಾರ್ಥಿ. ಗೊತ್ತಿಲ್ಲದ್ದನ್ನು ಅವನೆದುರು ಕೇಳಲು ಸಂಕೋಚ.

ಉತ್ತರ: ಅವರಿಗೆ ನಿಮಗಿಂತ ಹೆಚ್ಚು ಸಂಕೋಚವಿರುತ್ತದೆ, ಮೇಷ್ಟ್ರ ತಪ್ಪನ್ನು ತಿದ್ದುವುದು ಹೇಗೆಂದು. ಮೊದಲ ದಿನವೇ ‘ಇಲ್ಲಿ ನೀನು ಹೇಳಿದ ಹಾಗೆ, ನಾನು ತಪ್ಪಿದರೆ ಅಲ್ಲೇ ಹೇಳಿಬಿಡಪ್ಪ’ ಎಂದು ಎಲ್ಲರೆದುರು ಹೇಳಿ. ಸುರಕ್ಷತೆಯ ದೃಷ್ಟಿಯಿಂದಲೂ ಇದು ಬೇಕು: ಗೌರವದಿಂದ ಬಾಯಿ ಕಟ್ಟಿಕೊಂಡವರು ನಿಮ್ಮ ಕೈ ತಪ್ಪು ಜಾಗಕ್ಕೆ ಹೋದಾಗಲೂ ಅರೆಗಳಿಗೆ ಹಿಂಜರಿಯುತ್ತಾರೆ.

ಪ್ರಶ್ನೆ: ನಮ್ಮದು ನಲವತ್ತು ಜನರ ಸಣ್ಣ ಕಾರ್ಖಾನೆ. ಒಬ್ಬ ಉಪನ್ಯಾಸಕರು ಬರುತ್ತೇನೆ ಎಂದಿದ್ದಾರೆ. ನಾವು ಏನು ತಯಾರಿ ಮಾಡಬೇಕು? ನಮಗೇನು ಲಾಭ?

ಉತ್ತರ: ಒಬ್ಬರನ್ನು ಜವಾಬ್ದಾರರನ್ನಾಗಿ ಮಾಡಿ. ಅವರು ಮ್ಯಾನೇಜರ್ ಆಗದಿರಲಿ, ಫ್ಲೋರಿನಲ್ಲೇ ಇರುವ ಹಿರಿಯ ತಂತ್ರಜ್ಞರಾಗಿರಲಿ. ಅವರ ಆ ವಾರದ ಉತ್ಪಾದನಾ ಗುರಿಯನ್ನು ಸ್ವಲ್ಪ ಇಳಿಸಿ. ಇದನ್ನು ಮರೆತ ಕಡೆ ಮೂರನೆಯ ದಿನಕ್ಕೆ ಉಪನ್ಯಾಸಕರು ಮೂಲೆ ಸೇರುತ್ತಾರೆ, ತಂತ್ರಜ್ಞರಿಗೆ ಪಾಪ ಬೇರೆ ದಾರಿ ಇರುವುದಿಲ್ಲ. ಬರುವವರು ಏಕೆ ಬರುತ್ತಿದ್ದಾರೆ ಎಂದು ಎಲ್ಲರಿಗೂ ಮೊದಲೇ ತಿಳಿಸಿ. ಹೇಳದಿದ್ದರೆ ಪುಸ್ತಕ, ಪೆನ್ಸಿಲ್ ಹಿಡಿದು ನಿಂತವರನ್ನು ಕೆಲಸದ ವೇಗ ಅಳೆಯಲು ಬಂದವರೆಂದು ತಿಳಿದು ಯಾರೂ ಬಾಯಿ ಬಿಡುವುದಿಲ್ಲ.

ಲಾಭ ತಕ್ಷಣ ಕಾಣುವಂಥದ್ದಲ್ಲ. ಮುಂದಿನ ವರ್ಷ ಕೆಲಸಕ್ಕೆ ಸೇರುವ ಹುಡುಗರಿಗೆ ನೀವು ಮೊದಲ ತಿಂಗಳು ಹೇಳಿಕೊಡುವುದರಲ್ಲಿ ಒಂದಿಷ್ಟು ಕಾಲೇಜಿನಲ್ಲೇ ಆಗಿರುತ್ತದೆ. ಬಂದವರು ಹೊರಡುವ ಮೊದಲು ಅರ್ಧ ಗಂಟೆ ಕೂರಿಸಿಕೊಂಡು ಹೊಸಬರ ಕಣ್ಣಿಗೆ ಇಲ್ಲಿ ಏನು ವಿಚಿತ್ರವಾಗಿ ಕಂಡಿತು ಎಂದು ಕೇಳಿ, ನೀವು ದಿನವೂ ನೋಡಿ ಕಾಣದಂತಾದ ಒಂದೆರಡು ಸಂಗತಿ ಸಿಗುತ್ತವೆ.

ಪ್ರಶ್ನೆ: ಪ್ರಾಂಶುಪಾಲೆಯಾಗಿ ಕೇಳುತ್ತಿದ್ದೇನೆ. ಒಬ್ಬರನ್ನು ಕಳಿಸಿದರೆ ಅವರ ತರಗತಿ ಯಾರು ತೆಗೆದುಕೊಳ್ಳಬೇಕು? ಹೋಗಿಬಂದದ್ದಕ್ಕೆ ಪುರಾವೆ ಏನು ಕೇಳಬೇಕು?

ಉತ್ತರ: ಪಾಠ ಇಲ್ಲದ ವಾರಗಳಲ್ಲಿ, ಅಂದರೆ ಪರೀಕ್ಷೆ ಮುಗಿದ ಮೇಲೆ, ಪ್ರಾಜೆಕ್ಟ್ ವಾರಗಳಲ್ಲಿ ಕಳಿಸುವುದು ಸುಲಭ. ಆದರೆ ಮೌಲ್ಯಮಾಪನದ ಕರ್ತವ್ಯ ಅದೇ ಹೊತ್ತಿಗೆ ಬೀಳುತ್ತದೆ, ಅದನ್ನು ಮೊದಲೇ ತೆರವು ಮಾಡಿ ಆದೇಶ ಕೊಡಿ. ಸೆಮಿಸ್ಟರ್ ನಡುವೆ ಕಳಿಸುವುದಾದರೆ ವಿನಿಮಯ ಮಾಡಿ: ಕಂಪನಿಯ ಒಬ್ಬರು ಆ ದಿನಗಳಲ್ಲಿ ಬಂದು ಎರಡು ತರಗತಿ ತೆಗೆದುಕೊಳ್ಳಲಿ. ಉಳಿದ ಗಂಟೆಗಳನ್ನು ಸಹೋದ್ಯೋಗಿಗಳ ತಲೆಗೆ ಹಾಗೇ ಕಟ್ಟಿದರೆ ಮುಂದಿನ ಸಲ ಯಾರೂ ಹೊರಡಲು ಕೇಳುವುದಿಲ್ಲ. ಅವರ ಸರದಿ ಬಂದಾಗ ಗಂಟೆಗಳನ್ನು ಹಿಂತಿರುಗಿಸುವ ಲೆಕ್ಕವನ್ನು ಟೈಮ್‌ಟೇಬಲ್‌ನಲ್ಲೇ ಇಡಿ.

ಪುರಾವೆಯಾಗಿ ಇಪ್ಪತ್ತು ಪುಟದ ವರದಿ ಕೇಳಬೇಡಿ. ಹಾಜರಿಗೆ ಕಂಪನಿಯ ಒಂದು ಪತ್ರ ಸಾಕು. ಅದರ ಜೊತೆ ಬದಲಾದ ಒಂದು ಪಾಠದ ಹಳೆಯ ರೂಪ, ಹೊಸ ರೂಪ ಎರಡನ್ನೂ ಅಕ್ಕಪಕ್ಕ ಇಟ್ಟು ಕೊಡಲು ಹೇಳಿ. ಆ ಪಾಠ ನಡೆಯುವ ದಿನ ವಿಭಾಗದ ಇತರರು ಹಿಂದಿನ ಬೆಂಚಿನಲ್ಲಿ ಕೂರಲಿ, ಮುಗಿದ ಮೇಲೆ ಅದೇ ಕೊಠಡಿಯಲ್ಲಿ ಅರ್ಧ ಗಂಟೆ ಚರ್ಚೆಯಾಗಲಿ. ಕಂಪನಿಯ ಆ ಹಿರಿಯ ತಂತ್ರಜ್ಞರನ್ನೂ ಕರೆಯಿರಿ. ಪಾಠದಲ್ಲಿ ಬಿಟ್ಟುಹೋದದ್ದನ್ನು ಅವರೇ ಎಲ್ಲರಿಗಿಂತ ಮೊದಲು ಗುರುತಿಸುತ್ತಾರೆ, ಮುಂದಿನ ಉಪನ್ಯಾಸಕರು ಅಲ್ಲಿಗೆ ಹೋಗುವ ಮಾತನ್ನೂ ಅದೇ ದಿನ ಮುಗಿಸಬಹುದು.